ಹಿಮಕ್ಕೆ ಹೊಲಿಸಿದ ಪ್ಯಾಂಟು

ಮಾರ್ಚ್ 4, ಮಂಗಳವಾರ

ಈ ಡೈರಿ ತಾಳವಾಡಿಯ ಗೊಬ್ಬರದಂಗಡಿಯವರು ಕೊಟ್ಟದ್ದು. ಪ್ರತಿ ಪುಟದ ತಳದಲ್ಲಿ ಯಾವ ಹುಳಕ್ಕೆ ಯಾವ ಔಷಧಿ ಎಂದು ಅಚ್ಚಾಗಿದೆ. ಕಾಲು ಮುರಿದುಕೊಂಡು ಕೂತವಳಿಗೆ ಹೊತ್ತು ಹೋಗಲಿ ಎಂದು ಸೊಸೆ ಪವಿತ್ರ ಇದನ್ನು ತಂದುಕೊಟ್ಟಳು. ಸಂಕ್ರಾಂತಿಯಿಂದ ಬರೆಯುತ್ತಿದ್ದೇನೆ. ಹಿಂದಿನ ಪುಟಗಳನ್ನು ತಿರುವಿ ನೋಡಿದರೆ "ಜಗಲಿಯಲ್ಲಿ ಕೂತಿದ್ದೆ" ಎಂಬುದೇ ಹೆಚ್ಚು. ಪುಟದ ತಳದ ಹುಳಗಳು ನನಗಿಂತ ಹೆಚ್ಚು ಓಡಾಡಿವೆ.

ಇವತ್ತು ಬರೆಯಲು ಒಂದು ವಿಷಯ ಸಿಕ್ಕಿತು.

ಪವಿತ್ರ ತಾಳವಾಡಿಯ ಒಂದು ಶಾಲೆಯಲ್ಲಿ ಆಟದ ಟೀಚರು. ಸಂಜೆ ಸ್ಕೂಟರ್ ನಿಲ್ಲಿಸಿದವಳು ಹೆಲ್ಮೆಟ್ಟನ್ನೂ ತೆಗೆಯದೆ ಕಾಗದವೊಂದನ್ನು ಹಿಡಿದು ಒಳಗೆ ಬಂದಳು. ಹಿಮಾಚಲದಲ್ಲಿ ಆಟದ ಟೀಚರುಗಳಿಗೆ ಹದಿನಾಲ್ಕು ದಿನದ ತರಬೇತಿಯಂತೆ. ಏಪ್ರಿಲ್ ಮೊದಲ ವಾರ ಶುರು. ಇನ್ನೂರು ಜನ ಅರ್ಜಿ ಹಾಕಿದ್ದರು, ಇಪ್ಪತ್ತು ಜನರನ್ನು ಆರಿಸಿದ್ದಾರೆ, ಅದರಲ್ಲಿ ಇವಳೊಬ್ಬಳು.

"ಏನ್ ಕಲಿಸ್ತರವ್ವ ಅಲ್ಲಿ?" ಎಂದೆ.

"ಸ್ಕೀಯಿಂಗ್ ಅತ್ತೆ. ಕಾಲಿಗೆ ಎರಡು ಉದ್ದನೆ ಪಟ್ಟಿ ಕಟ್ಕಂಡು ಹಿಮದ ಮೇಲೆ ಜಾರೋದು."

"ಬೇಕು ಅಂತ್ಲಾ?"

"ಬೇಕು ಅಂತ್ಲೇ."

ದೀಪಾವಳಿಯ ಹಿಂದಿನ ದಿನ ನಾನು ಕೆಳಗಿನ ಹೊಲದ ಬದುವಿನ ಮೇಲೆ ಬೇಡವೆಂದರೂ ಜಾರಿದವಳು. ಬಲಗಾಲಿನ ಮೂಳೆ ಮುರಿಯಿತು. ಕಟ್ಟು ಬಿಚ್ಚಿ ಎರಡು ತಿಂಗಳಾದರೂ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಿಬರುತ್ತೇನೆ. ಇವಳು ಎರಡು ದಿನ ರೈಲಿನಲ್ಲಿ ಕೂತು ಜಾರಲು ಹೋಗುತ್ತಾಳಂತೆ.

"ನೀವು ಒಬ್ಬರೇ ಎದ್ದು ಓಡಾಡೋ ಹಾಗಾದ್ರೆ ಹೋಗ್ತೀನಿ ಅತ್ತೆ. ಇಲ್ಲಾಂದ್ರೆ ಇಲ್ಲ. ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬರೀಬೇಕು" ಎಂದಳು. ಮಗ ಪ್ರಭುಸ್ವಾಮಿ ತರಕಾರಿ ಲಾರಿ ಹತ್ತಿಕೊಂಡು ಮೇಟ್ಟುಪಾಳಯಂಗೆ ಹೋದರೆ ಬರುವುದು ಮಾರನೆಯ ದಿನ. ಆದ್ದರಿಂದ ಅವಳು ಹೇಳಿದ್ದು ಸರಿಯೇ.

ಮೂಳೆ ಕೂಡಿದೆ, ನಡೆಯಿರಿ, ಮಂಡಿ ಮಡಚಿ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೇನು, ಕಾಲು ನನ್ನದು. ನಾನು ಮಂಡಿ ಹಿಡಿದುಕೊಂಡು, "ನೋವು ಕಣವ್ವ" ಎಂದೆ. ಆ ಹೊತ್ತಿನಲ್ಲಿ ನೋವೇನೂ ಇರಲಿಲ್ಲ. ಇಲ್ಲಿ ಬರೆದಾಯಿತಲ್ಲ, ಇನ್ನು ಯಾರಿಗೂ ಹೇಳಬೇಕಾಗಿಲ್ಲ.

ಮಾರ್ಚ್ 6, ಗುರುವಾರ

ಸುದ್ದಿ ಹೇಗೆ ಹೋಯಿತೋ, ಪಣಕಹಳ್ಳಿಯಿಂದ ರಾಚಪ್ಪ ಬಂದ. ಮಿಲಿಟರಿಯಲ್ಲಿದ್ದು ಬಂದವನು, ನನ್ನ ತವರಿನ ಕಡೆಯವನು. ಬೈಕಿನ ಹಿಂದೆ ಹಗ್ಗದಲ್ಲಿ ಒಂದು ಗಂಟು ಕಟ್ಟಿಕೊಂಡು ಬಂದಿದ್ದ. ಬಿಚ್ಚಿದರೆ ಪ್ಯಾಂಟು. ಒಳಗೆ ಹತ್ತಿ ತುಂಬಿ, ಮೇಲೆ ದಪ್ಪ ಬಟ್ಟೆ ಹೊಲಿದು, ಹಾಸಿಗೆಗೆ ಎರಡು ಕಾಲು ಬಂದ ಹಾಗಿತ್ತು. ಗೋಡೆಗೆ ಒರಗಿಸಿದರೆ ಒಳಗೆ ಯಾರೋ ಇದ್ದಾರೇನೋ ಎಂಬಂತೆ ತಾನಾಗಿ ನಿಂತುಕೊಂಡಿತು. ನಮ್ಮ ನಾಯಿ ಅದರ ಕಡೆ ನೋಡಿ ಬೊಗಳಿತು.

"ಅಕ್ಕ, ಕಾಶ್ಮೀರದಲ್ಲಿ ಮೂರು ವರ್ಸ ನನ್ನ ಕಾಪಾಡದ್ದು ಇದೇ ಕಣ. ಅಲ್ಲಿ ಬಿಸಿ ಟೀ ಸುರುದ್ರೆ ನೆಲ ಮುಟ್ಟಾ ಒತ್ಗೆ ಕಲ್ಲಾಗ್ಬುಡ್ತದ" ಎಂದ.

ಪವಿತ್ರ ಅದನ್ನು ಹಾಕಿಕೊಂಡು ನಡುಮನೆಯಲ್ಲಿ ನಾಲ್ಕು ಹೆಜ್ಜೆ ನಡೆದಳು. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಪ್ರಭು ಉಣ್ಣುವುದನ್ನು ಬಿಟ್ಟು, "ಇದ ಆಕ್ಕಂಡ್ರೆ ಜಾರದೇ ಬೇಡ ಕಣವ್ವ, ಉಳ್ಳಾಡ್ಕಂಡೇ ಬೆಟ್ಟ ಇಳೀಬೋದು" ಎಂದ.

ಪವಿತ್ರ ಸುಮ್ಮನೆ ಕೇಳಿದಳು, "ಮಾವ, ನೀವು ಅಲ್ಲಿ ಇದ್ದದ್ದು ಯಾವ ತಿಂಗಳು?"

"ಡಿಸೆಂಬರು, ಜನವರಿ."

"ಏನು ಕೆಲಸ?"

"ಕೆಲ್ಸ ಏನು, ಬಂದೂಕ ಇಡ್ಕಂಡು ನಿಂತಿದ್ದೆ. ಅಳ್ಳಾಡಂಗಿರ್ನಿಲ್ಲ."

ಪವಿತ್ರ ಕಾಗದ ತೆಗೆದು ಓದಿ ಹೇಳಿದಳು. ಪಟ್ಟಿ, ಬೂಟು ಎಲ್ಲ ಅವರೇ ಕೊಡುತ್ತಾರೆ, ಬಟ್ಟೆ ಮಾತ್ರ ನಮ್ಮದು. ಏಪ್ರಿಲ್ ಹೊತ್ತಿಗೆ ಹಗಲು ಬಿಸಿಲಿರುತ್ತದೆ, ಹಿಮ ಕರಗಿ ಒದ್ದೆಯಾಗಿರುತ್ತದೆ. ದಪ್ಪ ಪ್ಯಾಂಟು ಬೇಡ. ಹಗುರವಾದ, ನೀರು ಒಳಗೆ ಬಿಡದ, ಮಂಡಿಯಲ್ಲಿ ಸಡಿಲವಾದ, ಗಾಳಿಯಾಡಲು ತೊಡೆಯ ಪಕ್ಕ ಜಿಪ್ಪಿರುವ ಪ್ಯಾಂಟು ತನ್ನಿ.

ರಾಚಪ್ಪನೂ ನಾನೂ ಮುಖ ಮುಖ ನೋಡಿಕೊಂಡೆವು. ಹಿಮದ ಮೇಲೆ ಬಿಸಿಲು, ಬಿಸಿಲಲ್ಲಿ ಬೆವರು. ಬರೆದವರು ಬೆಟ್ಟದ ಕೆಳಗೆ ಕೂತು ಬರೆದಿರಬೇಕು ಎಂದ ರಾಚಪ್ಪ. ನನಗೂ ಹಾಗೇ ಅನಿಸಿತು. ಗಂಟು ಕಟ್ಟಿಕೊಳ್ಳದೆ ಹೋದ. ಪ್ಯಾಂಟು ಇನ್ನೂ ನಡುಮನೆಯಲ್ಲಿ ನಿಂತಿದೆ.

ಮಾರ್ಚ್ 9, ಭಾನುವಾರ

ಪವಿತ್ರ ನನ್ನ ಪಕ್ಕ ಜಗಲಿಯಲ್ಲಿ ಕೂತು ಫೋನಿನಲ್ಲಿ ಪ್ಯಾಂಟು ತೋರಿಸಿದಳು. ಎಷ್ಟು ಬಗೆ. ಒಂದರಲ್ಲಿ ಹೆಗಲಿಗೆ ಪಟ್ಟಿ, ಇನ್ನೊಂದರಲ್ಲಿ ಒಳಗೊಂದು ತೆಳುವಾದ ಉಣ್ಣೆ ಬಟ್ಟೆ, ಮತ್ತೊಂದು ಬರಿಯ ಹೊರಗಿನ ಪದರ, ಮಡಚಿದರೆ ಮುಷ್ಟಿಯಲ್ಲಿ ಹಿಡಿಯುತ್ತದಂತೆ. ಅವಳಿಗೆ ಇಷ್ಟವಾದದ್ದು ಈ ಕೊನೆಯದು. ಬೆಲೆ ನೋಡಿದೆವು. ಇಬ್ಬರೂ ಸ್ವಲ್ಪ ಹೊತ್ತು ದಾರಿಯಲ್ಲಿ ಹೋಗುವ ಹಸುಗಳನ್ನು ನೋಡುತ್ತ ಕೂತೆವು.

"ಷಡಕ್ಷರಿ ಹತ್ರ ಹೊಲಿಸ್ತೀನಿ ಅತ್ತೆ" ಎಂದಳು ಆಮೇಲೆ. ಷಡಕ್ಷರಿ ತಾಳವಾಡಿಯ ದರ್ಜಿ, ಅವಳ ಶಾಲೆಯ ಯೂನಿಫಾರ್ಮೆಲ್ಲ ಅವನದೇ ಹೊಲಿಗೆ. ಚಾಮರಾಜನಗರದಿಂದ ಮಳೆಕೋಟಿನ ತೆಳು ಬಟ್ಟೆ ತರಿಸಿಕೊಂಡು, ಫೋನಿನ ಚಿತ್ರ ನೋಡಿ ಹೊಲಿಯುತ್ತಾನಂತೆ. "ಹೋಗೋದಾದ್ರೆ ತಾನೇ" ಎಂದು ಅವಳೇ ಸೇರಿಸಿದಳು. ನನ್ನ ಕಾಲಿನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು, ನನಗೆ ಮುಖ ಸಿಂಡರಿಸಲು ಕಾರಣ ಸಿಗುತ್ತಿತ್ತು.

ಮಾರ್ಚ್ 10, ಸೋಮವಾರ

ಪವಿತ್ರ ಶಾಲೆಗೆ ಹೋದ ಮೇಲೆ ಷಡಕ್ಷರಿಗೆ ಫೋನು ಮಾಡಿದೆ. ಆ ಪ್ಯಾಂಟಿಗೆ ಒಳಗಿನಿಂದ ಕಂಬಳಿ ಹೊಲಿ, ನಾನು ಕಳಿಸುತ್ತೇನೆ, ಅವಳಿಗೆ ಹೇಳಬೇಡ ಎಂದೆ. ಅವನು "ಅಮ್ಮಾವ್ರೆ, ಟೀಚರಮ್ಮ ತೆಳ್ಳಗಿರ್ಲಿ ಅಂದವ್ರಲ್ಲ" ಎಂದ. ಟೀಚರಮ್ಮ ಇನ್ನೂ ಚಿಕ್ಕವಳು ಎಂದೆ.

ಪೆಟ್ಟಿಗೆಯ ತಳದಲ್ಲಿ ನಮ್ಮವರ ಕರಿ ಕಂಬಳಿ ಇತ್ತು. ರಾತ್ರಿ ಹೊಲದ ಕಾವಲಿಗೆ ಹೋಗುವಾಗ ಹೊದೆಯುತ್ತಿದ್ದದ್ದು. ಇಪ್ಪತ್ತು ವರ್ಷ ಅಟ್ಟಣೆಯ ಮೇಲೆ ಕೂತು ಆನೆ ಹಂದಿ ಓಡಿಸಿದ ಮನುಷ್ಯ ಒಂದು ದಿನ ಚಳಿ ಎಂದವರಲ್ಲ. ಅವರು ಹೋಗಿ ಆರು ವರ್ಷವಾದರೂ ಕಂಬಳಿಗೆ ನುಸಿ ಬಿದ್ದಿಲ್ಲ. ಭಾಗ್ಯನ ಕೈಲಿ ಬಸ್ಸಿಗೆ ಕೊಟ್ಟು ಕಳಿಸಿದೆ. ನಮ್ಮ ಹೊಲದ ಕೆಲಸಕ್ಕೆ ಬರುವ ಭಾಗ್ಯ ನಾನು ಬಿದ್ದಂದಿನಿಂದ ಹಗಲು ನನ್ನ ಜೊತೆಗೂ ಇರುತ್ತಾಳೆ.

ಹೋಗುವುದೇ ಇಲ್ಲದವಳಿಗೆ ಕಂಬಳಿ ಏಕೆ ಕಳಿಸಿದೆ ಎಂದು ಈಗ ಬರೆಯುವಾಗ ಅನಿಸುತ್ತಿದೆ. ಒಂದು ವೇಳೆಗೆ ಇರಲಿ.

ಮಾರ್ಚ್ 14, ಶುಕ್ರವಾರ

ಪ್ಯಾಂಟು ಬಂತು. ಪವಿತ್ರ ಶಾಲೆಯಲ್ಲಿದ್ದಳು. ನಾನೂ ಭಾಗ್ಯನೂ ಬಿಚ್ಚಿದೆವು. ಹೊರಗೆ ನವಿಲಿನ ಬಣ್ಣದ ಬಟ್ಟೆ, ಒಳಗೆ ಕಂಬಳಿ. ತೂಕ ನೋಡಿದರೆ ಎಳೆಗರು ಎತ್ತಿಕೊಂಡ ಹಾಗಾಯಿತು.

ನೀರು ತಡೆಯುತ್ತದೋ ಇಲ್ಲವೋ ನೋಡದೆ ಅವಳ ಕೈಗೆ ಹೇಗೆ ಕೊಡುವುದು. ಭಾಗ್ಯ ಕಡ್ಡಿಯಂತಿದ್ದಾಳೆ, ಅವಳು ಹಾಕಿಕೊಂಡರೆ ಜಾರಿ ಕೆಳಗೆ ಬೀಳುತ್ತದೆ. ಪವಿತ್ರನ ಎತ್ತರವೂ ನನ್ನ ಎತ್ತರವೂ ಒಂದೇ. ಸೊಂಟದ ವಿಷಯ ಬೇರೆ, ಅದಕ್ಕೆ ಪಟ್ಟಿ ಇದೆ. ಬಾಗಿಲು ಹಾಕಿಕೊಂಡು, ಸೀರೆ ತೆಗೆದಿಟ್ಟು, ಪ್ರಭುವಿನ ಅಂಗಿ ತೊಟ್ಟು, ಅರವತ್ತೆರಡು ವರ್ಷದಲ್ಲಿ ಮೊದಲ ಸಲ ಎರಡು ಕಾಲನ್ನು ಬೇರೆ ಬೇರೆ ಬಟ್ಟೆಯೊಳಗೆ ಇಟ್ಟೆ.

ಭಾಗ್ಯ ಕಂಬ ಹಿಡಿದುಕೊಂಡು ನಕ್ಕಳು. "ಅಮ್ಮಾವ್ರೆ, ಒಂದ್ ಬಂದೂಕ ಕೊಟ್ರೆ ರಾಚಪ್ಪಾರಂಗೇ ಕಾಣ್ತಿರ."

"ನಗಾದು ಬುಡು, ಪೈಪು ಇಡಿ" ಎಂದೆ.

ಹಿತ್ತಲಿಗೆ ಬಂದೆವು. ಅವಳು ಪೈಪಿನಲ್ಲಿ ನೀರು ಬಿಟ್ಟಳು. ಬಟ್ಟೆಯ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಓಡಿತು, ಆದರೆ ಹೊಲಿಗೆಯ ಸೂಜಿತೂತುಗಳಲ್ಲಿ ಇಳಿಯಿತು. ಇಳಿದ ನೀರನ್ನೆಲ್ಲ ಕಂಬಳಿ ಕುಡಿದು ಕೂತಿತು. ಮೇಲೆ ಹನ್ನೊಂದು ಗಂಟೆಯ ಬಿಸಿಲು, ಒಳಗೆ ಕಂಬಳಿ. ಹಬೆಯಲ್ಲಿಟ್ಟ ಕಡುಬಾದೆ. ತಡೆಯಲಾರದೆ ಹಿತ್ತಲು ದಾಟಿ ಹುಣಸೆಮರದ ನೆರಳಿಗೆ ಹೋಗಿ ನಿಂತೆ. ನನ್ನ ಊರುಗೋಲು ಬಚ್ಚಲ ಮೂಲೆಯಲ್ಲೇ ಉಳಿದಿತ್ತು, ಭಾಗ್ಯ ಆಮೇಲೆ ತಂದುಕೊಟ್ಟಳು.

ಮರದ ಕೆಳಗೆ ಅವಳು ಒಂದು ಮಾತು ಹೇಳಿದಳು. "ಅಮ್ಮಾವ್ರೆ, ನಮ್ ಗಂಡ ಕಾವ್ಲಿಗೆ ಓಯ್ತನಲ್ಲ, ಅಟ್ಟಣೆ ಮ್ಯಾಲೆ ಕುಂತಿರಗಂಟ ಕಂಬ್ಳಿ ಒದ್ದಿರ್ತನ. ಕಾಡಂದಿ ಬಂತು ಅಂದ್ರೆ ಮೊದ್ಲು ಕಂಬ್ಳಿ ಬಿಸಾಕ್ತನ, ಆಮ್ಯಾಲೆ ಓಡ್ತನ. ಕಂಬ್ಳಿ ಒದ್ಕಂಡು ಓಡುದ್ರೆ ಅಂದಿನೇ ನಿಂತ್ಕಂಡು ನಗ್ತದ. ಪವಿತ್ರವ್ವಾರು ಅಲ್ಲಿ ಕುಂತ್ಕಳಕ್ಕೆ ಓಯ್ತಾವ್ರಾ, ಓಡಕ್ಕೆ ಓಯ್ತಾವ್ರಾ?"

ಇಪ್ಪತ್ತು ವರ್ಷ ನಮ್ಮವರ ಕಂಬಳಿ ಒಗೆದವಳು ನಾನು. ಬೆಳಗ್ಗೆ ಎಷ್ಟೋ ಸಲ ಅವರು ಬರಿಮೈಯಲ್ಲಿ, ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬೆವರುತ್ತ ಬರುತ್ತಿದ್ದರು. ಕಣ್ಣಲ್ಲಿ ನೋಡಿದ್ದೆ, ತಲೆಗೆ ಹೋಗಿರಲಿಲ್ಲ. ರಾಚಪ್ಪನಂತೂ ನಿಂತವನೇ ಹೊರತು ಓಡಿದವನಲ್ಲ.

ಮಾರ್ಚ್ 15, ಶನಿವಾರ

ಒದ್ದೆ ಪ್ಯಾಂಟನ್ನು ಹಿತ್ತಲ ತಂತಿಯ ಮೇಲೆ ಹಾಕಿದ್ದೆವು. ತಂತಿ ಜೋತು ನೆಲ ಮುಟ್ಟಿತ್ತು. ಪವಿತ್ರ ನೋಡಿದಳು. ಒಳಗು ಹೊರಗು ಮಾಡಿ ಕಂಬಳಿಯನ್ನು ಮುಟ್ಟಿದಳು.

"ಮಾವನ ಕಂಬಳಿ ಕತ್ತರಿಸ್ಬುಟ್ರಾ ಅತ್ತೆ?"

"ಪೆಟ್ಗೇಲಿ ಕೊಳೀತಾ ಇತ್ತು."

ಅವಳು ಪ್ಯಾಂಟನ್ನು ಹಿಂಡಿ ಮತ್ತೆ ತಂತಿಗೆ ಹಾಕಿದಳು. ಆಮೇಲೆ ಬಂದು ನನ್ನ ಕಾಲಿಗೆ ಎಣ್ಣೆ ತಿಕ್ಕಿದಳು. ದಿನಾ ತಿಕ್ಕುತ್ತಾಳೆ, ಇವತ್ತು ಸ್ವಲ್ಪ ಹೆಚ್ಚು ಹೊತ್ತು. "ಬರೋಕಾಗಲ್ಲ ಅಂತ ಸೋಮವಾರ ಬರೆದುಬಿಡ್ತೀನಿ. ಇನ್ನೊಬ್ಬರಿಗಾದ್ರೂ ಸೀಟು ಸಿಗ್ಲಿ" ಎಂದಳು. ಮುನಿಸಿನಿಂದ ಹೇಳಲಿಲ್ಲ. ಮುನಿಸಿನಿಂದ ಹೇಳಿದ್ದರೆ ಒಂದು ಮಾತು ಆಡಿ ಮುಗಿಸಬಹುದಿತ್ತು.

"ಬುಧ್ವಾರ್ಗಂಟ ತಡಿ. ಒಲಿಗೆ ಸರಿ ಮಾಡ್ಸಾದದ" ಎಂದೆ.

"ಹೊಲಿಗೆಗೂ ಅದಕ್ಕೂ ಏನು ಅತ್ತೆ?"

"ಅರ್ದ ಒಲ್ದ ಬಟ್ಟೆ ಮನೇಲಿ ಇರ್ಬಾರ್ದು" ಎಂದೆ. ಹಾಗೆಲ್ಲ ಏನೂ ಇಲ್ಲ. ಬಾಯಿಗೆ ಬಂದದ್ದು ಹೇಳಿದೆ.

ಮಾರ್ಚ್ 17, ಸೋಮವಾರ

ಈ ಕೆಲಸ ಫೋನಿನಲ್ಲಿ ಆಗುವಂಥದ್ದಲ್ಲ. ಭಾಗ್ಯನನ್ನು ಕರೆದುಕೊಂಡು ನಾನೇ ತಾಳವಾಡಿಗೆ ಹೋದೆ. ಕೋಲೂರಿಕೊಂಡು, ಬಸ್ ನಿಲ್ಲುವ ಕಟ್ಟೆಯವರೆಗೆ ಮೂರು ಕಡೆ ನಿಂತು. ಒಂದೊಂದು ಕಡೆ ಒಬ್ಬೊಬ್ಬರು "ಕಾಲು ಎಂಗದ ಅಮ್ಮಾವ್ರೆ" ಎಂದು ಕೇಳಿದರು. ಎಲ್ಲರಿಗೂ ಪ್ಯಾಂಟಿನ ವಿಷಯ ಹೇಳುವಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು ಕೈ ಕೊಟ್ಟು ತಮಿಳಿನಲ್ಲಿ "ಪಾಟಿ, ಮೆದುವಾ ಏರುಂಗ" ಎಂದ, ಅಜ್ಜಿ ಮೆಲ್ಲಗೆ ಹತ್ತಿ ಎಂದು. ಪಾಟಿ ಎನ್ನಿಸಿಕೊಳ್ಳಲು ನನಗಿನ್ನೂ ಮೊಮ್ಮಕ್ಕಳಿಲ್ಲ, ಆಮೇಲೆ ಕರಿ ಎಂದೆ. ಬಸ್ಸೆಲ್ಲ ನಕ್ಕಿತು.

ಷಡಕ್ಷರಿ ನನ್ನನ್ನು ಕಂಡವನೇ ಮಿಷನ್ನು ನಿಲ್ಲಿಸಿ, "ನಾ ಏಳ್ನಿಲ್ವಾ ಅಮ್ಮಾವ್ರೆ, ತೆಳ್ಳಗಿರ್ಲಿ ಅಂತ" ಎಂದ. ಹೇಳಿದ್ದ, ನಿಜ. ಅದನ್ನು ನಾಲ್ಕು ಸಲ ಹೇಳಬೇಕಾಗಿರಲಿಲ್ಲ.

ಕಂಬಳಿಯನ್ನು ಬಿಚ್ಚಿ ಹಾಕಿದ. ಬಿಚ್ಚಿದ ಮೇಲೆ ಪ್ಯಾಂಟನ್ನು ಕೈಯಲ್ಲಿ ಹಿಡಿದರೆ ಏನೂ ಹಿಡಿದ ಹಾಗಿಲ್ಲ, ಗಾಳಿಗೆ ತಾನೇ ಹಾರುತ್ತದೆ. ಇದನ್ನು ಹಾಕಿಕೊಂಡು ಹಿಮಕ್ಕೆ ಹೋಗುವುದೇ ಎಂದು ಒಂದು ಸಲ ಅನಿಸಿತು. ಆದರೆ ಭಾಗ್ಯನ ಮಾತು ಮಾತೇ. ಚಳಿಯಾದರೆ ಒಳಗೆ ತೆಳುವಾದ ಉಲ್ಲನ್ನಿನದು ಹಾಕಿಕೊಳ್ಳಲಿ, ಸೆಕೆಯಾದರೆ ತೆಗೆಯಲಿ. ಹೊಲಿದುಬಿಟ್ಟ ಕಂಬಳಿಯನ್ನು ತೆಗೆಯುವುದು ಹೇಗೆ.

ಹೊಲಿಗೆಯ ತೂತುಗಳಿಗೆ ಒಳಗಿನಿಂದ ಒಂದು ಪಟ್ಟಿ ಇಟ್ಟು ಇಸ್ತ್ರಿಪೆಟ್ಟಿಗೆಯಲ್ಲಿ ಅಂಟಿಸಿದ. ಮಳೆಕೋಟಿಗೆ ಹಾಕುವ ಪಟ್ಟಿಯಂತೆ. ತೊಡೆಯ ಪಕ್ಕಕ್ಕೆ ಎರಡು ಕಡೆ ಜಿಪ್ಪಿಟ್ಟ, ಎಳೆದರೆ ಕಿಟಕಿ ತೆರೆದ ಹಾಗೆ ಗಾಳಿ. ಪಾದದ ಹತ್ತಿರ ಬೂಟಿನ ಮೇಲೆ ಬಿಗಿಯಾಗಿ ಕೂರಲು ಎಲಾಸ್ಟಿಕ್.

ಮಂಡಿಯ ಸಡಿಲದ ಮೇಲೆ ಮಾತ್ರ ಜಗಳವಾಯಿತು. ಇಷ್ಟು ಸಾಕು ಎಂದ ಅವನು. ಸಾಲದು, ಅವರು ಮಂಡಿ ಮಡಚಿಕೊಂಡೇ ಜಾರುವುದು, ಪವಿತ್ರ ಫೋನಿನಲ್ಲಿ ತೋರಿಸಿದ್ದಾಳೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಪರದೆಯ ಹಿಂದೆ ಹೋಗಿ ಪ್ಯಾಂಟು ಹಾಕಿಕೊಂಡು ಬಂದು, ಅಂಗಡಿಯ ನಡುವೆ ಕುಕ್ಕರಗಾಲಿನಲ್ಲಿ ಕೂತು ತೋರಿಸಿದೆ. ಎದ್ದು ಮತ್ತೆ ಕೂತು ತೋರಿಸಿದೆ. ಮಂಡಿಯ ಮೇಲೆ ಬಟ್ಟೆ ಹೇಗೆ ಬಿಗಿಯುತ್ತದೆ ನೋಡು ಎಂದೆ. ಷಡಕ್ಷರಿ ಒಪ್ಪಿಕೊಂಡು ಎರಡು ಬೆರಳು ಬಿಟ್ಟ. ಭಾಗ್ಯ ಏನೋ ವಿಚಿತ್ರ ಕಂಡವಳಂತೆ ನನ್ನನ್ನೇ ನೋಡುತ್ತ ನಿಂತಿದ್ದಳು. ಪ್ಯಾಂಟು ತೊಟ್ಟ ನನ್ನನ್ನು ಅವಳು ಮೊದಲೇ ನೋಡಿದ್ದಳಲ್ಲ, ಈಗೇನು ಹೊಸದು.

ಬಿಚ್ಚಿದ ಕಂಬಳಿಯಲ್ಲಿ ಒಂದು ಚೌಕ ಕತ್ತರಿಸಿ ಅಂಚು ಹೊಲಿಸಿಕೊಂಡೆ. ಅಲ್ಲಿ ಸರದಿ ಕಾಯುತ್ತ ಕೂರುವ ಹೊತ್ತೂ ಇರುತ್ತದಲ್ಲ. ಕೂರುವುದಕ್ಕೆ ಕಂಬಳಿ, ಓಡುವುದಕ್ಕೆ ಪ್ಯಾಂಟು.

ಮಾರ್ಚ್ 19, ಬುಧವಾರ

ಇವತ್ತು ಪ್ಯಾಂಟು ಕೈಗೆ ಬಂತು. ಪೈಪಿನ ನೀರು ಸಾಲದು, ಒದ್ದೆ ಹಿಮವೆಂದರೆ ಕಾಲಿನ ಸುತ್ತ ಇರುವಂಥದ್ದು. ಮನೆಯ ಹಿಂದಿನ ಕೋಸಿನ ಹೊಲದಲ್ಲಿ ನೀರು ಚಿಮ್ಮಿಸುವ ಜೆಟ್ಟು ಸುತ್ತುತ್ತಿತ್ತು. ಭಾಗ್ಯ ಕೋಸಿಗೆ ಗೊಬ್ಬರ ಹಾಕುತ್ತಿದ್ದಳು. ನಾನು ಪ್ಯಾಂಟು ಹಾಕಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆ. ನೆನೆಯಲಿಲ್ಲ. ಜಿಪ್ಪು ತೆರೆದೆ, ತೊಡೆಗೆ ತಂಪಾಯಿತು. ಒಂದು ಸಲ ಹೋದದ್ದರಿಂದ ಹೇಳಲಾಗದು ಎಂದು ಇನ್ನೊಂದು ಸಲ ಹೋಗಿ ಬಂದೆ.

ಇನ್ನೊಂದು ವಿಷಯ. ಸೀರೆಗಾದರೆ ಬದುವಿನ ಹುಲ್ಲಿನ ಮುಳ್ಳೆಲ್ಲ ಅಂಟಿಕೊಂಡು ಸಂಜೆ ಕೂತು ಕೀಳಬೇಕು. ಇದಕ್ಕೆ ಒಂದೂ ಅಂಟಲಿಲ್ಲ. ಉಣ್ಣೆಹುಳವೂ ಹತ್ತಲಿಲ್ಲ. ಹಿಮದಲ್ಲಿ ಮುಳ್ಳೂ ಹುಳವೂ ಇರುವುದಿಲ್ಲ, ಆದರೂ ಬರೆದಿಟ್ಟಿರುತ್ತೇನೆ.

ಅಲ್ಲಿಂದ ಕೆಳಗಿನ ಹೊಲದ ಬದು ಕಾಣುತ್ತದೆ. ಅಷ್ಟು ದೂರ ಹೋಗಲಿಲ್ಲ. ಪ್ಯಾಂಟು ನೋಡಲು ಅಷ್ಟು ದೂರ ಬೇಕಾಗಿಲ್ಲ.

ಸಂಜೆ ಪವಿತ್ರ ಬಾಗಿಲಲ್ಲಿ ಕೆಸರಾದ ನನ್ನ ಚಪ್ಪಲಿ ನೋಡಿ ನಿಂತಳು. ಭಾಗ್ಯ ಆಗಲೇ ಅವಳ ಕಿವಿಗೆ ಎಲ್ಲ ಹಾಕಿಬಿಟ್ಟಿದ್ದಳು.

"ಅಂಗಡೀಲಿ ಕುಕ್ಕರಗಾಲಲ್ಲಿ ಕೂತಿದ್ರಂತೆ?"

"ಮಂಡಿ ಬಿಗಿಯಾಗಿತ್ತು."

"ನಿಮ್ಮದಾ, ಪ್ಯಾಂಟಿಂದಾ?"

"ಪ್ಯಾಂಟಿಂದು" ಎಂದೆ.

ಅವಳು ನಗು ತಡೆದುಕೊಂಡು ನನ್ನ ಮುಂದೆಯೇ ಕೂತಳು. "ಅತ್ತೆ, ನಾಳೆ ಕೊನೇ ದಿನ. ಏನಂತ ಬರೀಲಿ? ನಿಮ್ಮ ಕಾಲು ಏನನ್ನುತ್ತೆ?"

ಆ ಕ್ಷಣದಲ್ಲಿ ಮಂಡಿ ಸ್ವಲ್ಪ ನಿಜವಾಗಿಯೇ ನೋಯುತ್ತಿತ್ತು. ಸಾಲಿನಲ್ಲಿ ನಾಲ್ಕು ಸಲ ಓಡಾಡಿದ್ದೆನಲ್ಲ.

"ಏನೂ ಅನ್ನಕಿಲ್ಲ" ಎಂದೆ. "ಓಗು. ಒಲ್ಸಿದ ಪ್ಯಾಂಟ ಏನು ಮಾಡದು, ಬೆದರುಗೊಂಬೆಗೆ ಆಕದಾ?"

ಮಾರ್ಚ್ 20, ಗುರುವಾರ

ಬರೆದಳು. ಹೋಗುತ್ತಾಳೆ.

ಮಾರ್ಚ್ 30, ಭಾನುವಾರ, ಯುಗಾದಿ

ಹತ್ತು ದಿನ ಡೈರಿ ಮುಟ್ಟಿಲ್ಲ. ಹೊತ್ತೇ ಸಿಗಲಿಲ್ಲ. ಬೇವು ಬೆಲ್ಲ ಹಂಚಲು ಹೋಗಿ ನಾಲ್ಕು ಮನೆಯಲ್ಲಿ ಕೂತು ಬಂದೆ. ಎಲ್ಲ ಮನೆಯಲ್ಲೂ ಇದೇ ಮಾತು, ಮಾದಯ್ಯನ ಮನೆಯ ಸೊಸೆ ಜಾರುವುದಕ್ಕೆ ಹೋಗುತ್ತಾಳಂತೆ ಎಂದು. ಮಾದಯ್ಯ ನಮ್ಮವರ ಹೆಸರು. ಅವರಿದ್ದಿದ್ದರೆ ಕಾವಲು ಬಿಟ್ಟು ತಾವೂ ಹೊರಡುತ್ತಿದ್ದರು.

ರಾಚಪ್ಪ ಹಬ್ಬದೂಟಕ್ಕೆ ಬಂದವನು ಹೊಸ ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ, "ಇದು ಪ್ಯಾಂಟಿನ ಒಳ್ಗಡೆ ಆಕ್ಕಳ ಪ್ಯಾಂಟು" ಎಂದ. ಭಾಗ್ಯನ ಮಾತನ್ನು ಅವನಿಗೆ ಹೇಳಿದೆ. ಒಬ್ಬಟ್ಟು ಅಗಿಯುತ್ತ ಯೋಚಿಸಿದ. "ಅಂಗಾದ್ರೆ ನಾನೂ ಓಡ್ಬೇಕಾಗಿತ್ತು" ಎಂದ. ಹೋಗುವಾಗ ಗೋಡೆಗೆ ನಿಂತಿದ್ದ ತನ್ನ ಪ್ಯಾಂಟನ್ನು ಕಟ್ಟಿಕೊಂಡು ಹೋದ. ನಾಯಿ ನಾಲ್ಕು ದಿನದಿಂದ ಅದರ ಬುಡದಲ್ಲೇ ಮಲಗುತ್ತಿತ್ತು, ಈಗ ಹುಡುಕುತ್ತಿದೆ.

ಪವಿತ್ರನಿಗೆ ಹದಿನಾಲ್ಕು ದಿನಕ್ಕೆ ಒಂದು ಪ್ಯಾಂಟು ಹೇಗೆ ಸಾಕಾದೀತು. ಉಳಿದ ಬಟ್ಟೆಯಲ್ಲಿ ಇನ್ನೊಂದು ಹೊಲಿ ಎಂದು ಷಡಕ್ಷರಿಗೆ ಹೇಳಿದ್ದೆ, ನಿನ್ನೆ ಬಂತು. ಸೊಂಟವನ್ನು ಸ್ವಲ್ಪ ದೊಡ್ಡದಾಗಿಯೇ ಹೇಳಿದ್ದೆ. ಒಗೆದರೆ ಕುಗ್ಗಬಹುದು.

ಏಪ್ರಿಲ್ 3, ಗುರುವಾರ

ಬೆಳಗಿನ ಸತ್ಯಮಂಗಲದ ಬಸ್ಸಿಗೆ ಪವಿತ್ರ ಹೊರಟಳು. ಕೊಯಮತ್ತೂರಿನಿಂದ ರೈಲು. ಪ್ರಭು ಬ್ಯಾಗು ಹೊತ್ತ. ನಾನು ಕಟ್ಟೆಯವರೆಗೆ ಹೋದೆ. ಕಂಬಳಿಯ ಚೌಕವನ್ನು ಬ್ಯಾಗಿನ ಮೇಲುಗಡೆಯೇ ಇಟ್ಟಿದ್ದಳು, ಬೇಕೆಂದಾಗ ಸಿಗಲಿ ಎಂದು.

ಎರಡನೆಯ ಪ್ಯಾಂಟನ್ನು ಮಾತ್ರ ತೆಗೆದುಕೊಂಡು ಹೋಗಲಿಲ್ಲ. ನಿನ್ನೆ ಅದನ್ನು ಎತ್ತಿ ಹಿಡಿದು, ನನ್ನನ್ನು ನೋಡಿ, ಮಡಚಿ ನನ್ನ ಮಂಚದ ಮೇಲಿಟ್ಟಳು. "ಇದು ನನಗೆ ದೊಡ್ಡದು ಅತ್ತೆ. ಇಲ್ಲೇ ಇರ್ಲಿ." ಷಡಕ್ಷರಿಗೆ ಅಳತೆ ಕಿವಿಗೆ ಬಿದ್ದದ್ದು ತಪ್ಪಾಗಿರಬೇಕು ಎಂದೆ. "ಹೌದು, ಅವನದೇ ತಪ್ಪು" ಎಂದಳು.

ಬಸ್ಸಿನ ಕಿಟಕಿಯಿಂದ ಬಗ್ಗಿ, "ಒಬ್ಬರೇ ಇರ್ತೀರಲ್ಲ?" ಎಂದಳು. ಅವಳ ಕಣ್ಣು ನನ್ನ ಕಾಲಿನ ಮೇಲಿತ್ತು. "ನೀ ಬೀಳ್ದಂಗೆ ನೋಡ್ಕೊ" ಎಂದೆ. "ಬೀಳ್ದೆ ಕಲಿಯೋಕಾಗಲ್ವಂತೆ" ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.

ಕೋಲನ್ನು ಕಟ್ಟೆಯ ಮೇಲೆಯೇ ಮರೆತು ಬಂದಿದ್ದೇನೆ. ನಾಳೆ ತರಬೇಕು.

ಏಪ್ರಿಲ್ 8, ಮಂಗಳವಾರ

ಪವಿತ್ರ ಮುಖ ಕಾಣುವ ಫೋನು ಮಾಡಿದ್ದಳು. ಮುಖ ಟೊಮೆಟೊ ಹಣ್ಣಾಗಿತ್ತು. ಹಿಂದೆ ಬೆಟ್ಟವೆಲ್ಲ ಬೆಳ್ಳಗೆ, ಸುಣ್ಣ ಬಳಿದು ಮರೆತ ಹಾಗೆ. ಕಾಗದ ಬರೆದವರು ಸುಳ್ಳು ಬರೆದಿರಲಿಲ್ಲ. ಹತ್ತು ಗಂಟೆಯಾದರೆ ಬಿಸಿಲಂತೆ, ದಪ್ಪ ಪ್ಯಾಂಟು ತಂದವರೆಲ್ಲ ಬೆವರಿ ಒದ್ದಾಡುತ್ತಿದ್ದಾರಂತೆ. ಇವಳು ಜಿಪ್ಪು ತೆರೆದುಕೊಂಡು ಆರಾಮ. ಯಾವ ಕಂಪನಿಯದು ಎಂದು ಒಬ್ಬರು ಕೇಳಿದರಂತೆ. "ಷಡಕ್ಷರಿ ಅಂದೆ ಅತ್ತೆ. ಬರ್ಕೊಂಡ್ರು." ಕಂಬಳಿಯ ಚೌಕದ ಮೇಲೆ ಕೂರಲು ನಾಲ್ಕು ಜನ ಪಾಳಿ ಹಚ್ಚಿದ್ದಾರಂತೆ.

"ಎಷ್ಟು ಸಲ ಬಿದ್ದೆ?"

"ಎಣಿಸಿಲ್ಲ. ಮೊದಲ ದಿನ ಪೂರ್ತಿ ಅದೇ ಪಾಠ. ಹೇಗೆ ಬೀಳೋದು, ಹೇಗೆ ಏಳೋದು."

ಅದಕ್ಕೂ ಪಾಠವೇ ಎಂದು ಕೇಳಿದೆ. ಇದೆಯಂತೆ. ಜಾರುತ್ತದೆ ಎಂದು ಗೊತ್ತಾದ ಕೂಡಲೇ ಮಂಡಿ ಮಡಚಿ ತಗ್ಗಬೇಕು. ಹಿಂದಕ್ಕೆ ಬೀಳದೆ ಪಕ್ಕಕ್ಕೆ, ಇಳಿಜಾರಿನ ಮೇಲುಗಡೆಗೆ, ಸೊಂಟದ ಮೇಲೆ ಕೂರುವ ಹಾಗೆ ಬೀಳಬೇಕು. ಕೈ ಊರಬಾರದು. ಏಳುವಾಗ ಕಾಲನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಂಡು ಏಳಬೇಕು. ನಾನು ಎರಡು ಸಲ ಹೇಳಿಸಿಕೊಂಡೆ. ನನಗೇನು, ಕೇಳುವುದಕ್ಕೆ ಚೆನ್ನಾಗಿತ್ತು.

ಏಪ್ರಿಲ್ 10, ಗುರುವಾರ

ಪ್ರಭು ಲೋಡು ತೆಗೆದುಕೊಂಡು ಹೋಗುವಾಗ, ಕೆಳಗಿನ ಹೊಲದ ಬೆಳ್ಳುಳ್ಳಿ ಪಾತಿಗೆ ಹಂದಿ ನುಗ್ಗಿದೆಯಂತೆ ಎಂದು ಹೇಳಿ ಹೋದ. ಭಾಗ್ಯ ಬೇರೆಯವರ ಕೆಲಸಕ್ಕೆ ಹೋಗಿದ್ದಳು. ಎಷ್ಟು ಹಾಳಾಗಿದೆ ಎಂದು ಯಾರಾದರೂ ನೋಡಬೇಕಲ್ಲ. ಮಂಚದ ಮೇಲಿದ್ದ ಪ್ಯಾಂಟು ಹಾಕಿಕೊಂಡೆ. ಮುಳ್ಳು ಅಂಟುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಪಾತಿಯಲ್ಲಿ ನಾಲ್ಕು ಸಾಲು ಉಳುಮೆ ಮಾಡಿದ ಹಾಗೆ ಕೆದರಿತ್ತು. ಆ ಕಡೆಯ ಬೇಲಿ ನೋಡಬೇಕೆಂದರೆ ಬದು ದಾಟಬೇಕು. ಅದೇ ಬದು. ಪೈಪಿನ ಗಂಟು ಒಡೆದು ನೀರು ಹರಿದು ಮಣ್ಣು ಬೆಣ್ಣೆಯಾಗಿತ್ತು. ದೀಪಾವಳಿಯ ಹಿಂದಿನ ದಿನವೂ ಹೀಗೇ ಇತ್ತು. ಸ್ವಲ್ಪ ಹೊತ್ತು ನಿಂತೆ. ದೂರದಲ್ಲಿ ಯಾರದೋ ಟ್ರ್ಯಾಕ್ಟರಿನ ಸದ್ದು. ಬಲಗಾಲು ಇಟ್ಟೆ, ಎಡಗಾಲು ಇಟ್ಟೆ, ಮತ್ತೆ ಬಲಗಾಲು.

ಜಾರಿತು.

ಮಂಡಿ ಮಡಚಿದೆ. ಕೈ ಊರಲಿಲ್ಲ. ಬದುವಿನ ಮೇಲುಗಡೆಗೆ, ಪಕ್ಕಕ್ಕೆ, ಸೊಂಟದ ಮೇಲೆ ಕೂತ ಹಾಗೆ ಬಿದ್ದೆ. ಕೂತಲ್ಲಿಂದಲೇ ನಾಲ್ಕು ಅಡಿ ಜಾರಿಕೊಂಡು ಹೋಗಿ ಬೆಳ್ಳುಳ್ಳಿ ಪಾತಿಯ ಅಂಚು ಮುಟ್ಟಿದೆ. ಕೆಸರಿನಲ್ಲಿ ಕೂತೇ ಸುತ್ತ ನೋಡಿದೆ. ಯಾರೂ ಇರಲಿಲ್ಲ. ಕೂತ ಕಡೆಯಿಂದ ನೋಡಿದರೆ ಬೇಲಿ ಎಲ್ಲಿ ಮುರಿದಿದೆ ಎಂದು ಚೆನ್ನಾಗಿ ಕಾಣುತ್ತಿತ್ತು. ಕಾಲನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಂಡು ಎದ್ದೆ.

ಎದ್ದವಳು ಮೊದಲು ಸೊಂಟದ ಪಟ್ಟಿ ಸಡಿಲಿಸಿ ಕೈ ಹಾಕಿ ನೋಡಿದೆ. ಒಳಗೆಲ್ಲ ಒಣಗಿತ್ತು, ಒಂದು ಹನಿಯೂ ಇಳಿದಿರಲಿಲ್ಲ. ಷಡಕ್ಷರಿಗೆ ಹೇಳಬೇಕು.